ನಮ್ಮವರ ಶೆಡ್ಡು ಜೋಡಿಸಿದ್ದು

ವಿನೋಬನಗರದ ನಮ್ಮ ಮನೆಯ ಹಿತ್ತಲಿನಲ್ಲಿ, ನೀರಿನ ಸಂಪಿನ ಪಕ್ಕಕ್ಕೆ, ತಗಡು ಹೊದಿಸಿದ ಒಂದು ಶೆಡ್ಡಿದೆ. ಮನೆ ಕಟ್ಟಿಸುವಾಗ ಆ ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲು ಹಾಕಿಸಬೇಕೆಂದು ನನಗಿತ್ತು. ನಮ್ಮವರು ಒಪ್ಪಲಿಲ್ಲ. "ಮನೆಯೆಲ್ಲ ನಿಂದು. ಅದೊಂದು ನಂಗೆ ಬಿಡು ಮಾರಾಯ್ತಿ" ಎಂದರು. ಬಿಟ್ಟುಕೊಟ್ಟೆ. ಆಮೇಲೆ ಕಾಫಿ ಲೋಟ ಹಿಡಿದು ಅದರ ಬಾಗಿಲವರೆಗೆ ಹೋಗುತ್ತಿದ್ದೆನೇ ಹೊರತು ಒಳಗೆ ಹೋಗಿ ಏನಿದೆ ಎಂದು ನೋಡಿದವಳಲ್ಲ.

ಅವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಮದುವೆಯಾದ ಹೊಸದರಲ್ಲಿ ಅಲ್ಲಿಯ ಕ್ವಾರ್ಟರ್ಸ್‌ನಲ್ಲೇ ಸಂಸಾರ ಹೂಡಿದ್ದೆವು. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ಮನೆಯಲ್ಲಿ ತೆಲುಗು, ನಡುವೆ ನಮ್ಮ ಕನ್ನಡ. ಮಗಳು ಮೂರೂ ಭಾಷೆಯಲ್ಲಿ ಹಟ ಮಾಡುತ್ತಾ ಬೆಳೆದಳು. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗುತ್ತಾ ಬಂದು ಒಬ್ಬೊಬ್ಬರೇ ಮನೆಗೆ ಹೊರಟಾಗ ಇವರೂ ಅವಧಿಗೆ ಮುಂಚೆ ಬಿಟ್ಟು ಬಂದರು. ಶಿವಮೊಗ್ಗಕ್ಕೆ ಬಂದ ಮೇಲೆ ಸುಮ್ಮನೆ ಕೂತವರಲ್ಲ. ಕೇರಿಯವರ ಮಿಕ್ಸಿ, ಗೇಟಿನ ಚಿಲಕ, ನೀರಿನ ಮೋಟರು ಎಲ್ಲವೂ ಆ ಶೆಡ್ಡಿಗೇ ಬರುತ್ತಿದ್ದವು. ಅಡಿಕೆ ಸುಗ್ಗಿಯಲ್ಲಂತೂ ಆಯನೂರು ಕಡೆಯವರು ಸುಲಿಯುವ ಮಷಿನ್ನಿನ ಬ್ಲೇಡುಗಳನ್ನು ಇವರ ಗ್ರೈಂಡಿಂಗ್ ಮಷಿನ್ನಿನ ತಿರುಗುವ ಕಲ್ಲಿಗೆ ಹಿಡಿದು ಮಸೆಸಿಕೊಳ್ಳಲು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ಜಗುಲಿಯ ಮೇಲೆ ಕಾದು ಕೂತಿರುತ್ತಿದ್ದರು.

ಕಣ್ಣು ಹೋಗುತ್ತಿದೆ ಎನ್ನುವುದು ಮೊದಲು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಎದುರಿಗಿದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು. ಪೇಪರು ಓದುತ್ತಿದ್ದರು. ಆದರೆ ನಡೆಯುವಾಗ ಬಾಗಿಲಿಗೆ ಭುಜ ತಾಗುತ್ತಿತ್ತು. ಊಟಕ್ಕೆ ಕೂತರೆ ಪಕ್ಕದ ನೀರಿನ ಲೋಟ ಉರುಳುತ್ತಿತ್ತು. ವಯಸ್ಸಾಯಿತು, ಗಮನ ಇಲ್ಲ ಎಂದು ನಾನು ಗೊಣಗುತ್ತಿದ್ದೆ. ಕೊನೆಗೆ ರಸ್ತೆ ದಾಟುವಾಗ ಪಕ್ಕದಿಂದ ಬಂದ ಸ್ಕೂಟರು ಮೈಗೆ ಸವರಿಕೊಂಡು ಹೋದ ಮೇಲೆ ಮಗಳು ಹಟ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು.

"ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರಕ್ಕೆ ಪೆಟ್ಟು ಬಿದ್ದಿದೆ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ. ಡ್ರಾಪ್ಸ್ ಮಾತ್ರ ತಪ್ಪಿಸ್ಬೇಡಿ" ಎಂದರು ಡಾಕ್ಟರು.

ಇವರು ಹೊರಗೆ ಬಂದು ಚಪ್ಪಲಿಗಾಗಿ ಕಾಲಿನಿಂದ ತಡಕಾಡಿದರು. ನಾನು ಬಗ್ಗಿ ಚಪ್ಪಲಿಯನ್ನು ಅವರ ಕಾಲ ಹತ್ತಿರ ಸರಿಸಿದೆ.

ಡ್ರಾಪ್ಸ್ ಹಾಕುತ್ತಾ ಒಂದಷ್ಟು ಕಾಲ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಶೆಡ್ಡಿನೊಳಗೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ನಮ್ಮವರು ನೆಲದ ಮೇಲೆ ಮೊಣಕಾಲೂರಿ, ಎರಡೂ ಅಂಗೈಗಳಿಂದ ಸಿಮೆಂಟನ್ನು ಸವರುತ್ತಿದ್ದರು. ಬಿದ್ದ ಸ್ಪ್ಯಾನರು ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅವರ ಕೈ ಅದರ ಹತ್ತಿರ ಬಂದು ಬಂದು ಬೇರೆ ಕಡೆಗೆ ಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು ಎತ್ತಿಕೊಡಬಹುದಿತ್ತು. ಆದರೆ ಆ ಸ್ಥಿತಿಯಲ್ಲಿ ಯಾರೋ ತಮ್ಮನ್ನು ನೋಡುತ್ತಿದ್ದರು ಎನ್ನುವುದು ಅವರಿಗೆ ತಿಳಿಯುವುದು ನನಗೆ ಬೇಡವಾಯಿತು. ಸದ್ದಾಗದ ಹಾಗೆ ಹಿಂದಕ್ಕೆ ಬಂದು ಒಲೆಯ ಮುಂದೆ ನಿಂತೆ.

ಸ್ವಲ್ಪ ಹೊತ್ತಿಗೆ ಅವರೇ ಬಂದರು. ಕೈ ತೊಳೆದುಕೊಂಡು, ಒರೆಸಿಕೊಳ್ಳುತ್ತಾ, "ಶೆಡ್ಡು ಖಾಲಿ ಮಾಡ್ಸಿಬಿಡು. ಗುಜರಿಯವನಿಗೆ ಹೇಳು. ಬೇಕಾದ್ರೆ ನಿನ್ನ ಒಗೆಯೋ ಕಲ್ಲು ಹಾಕಿಸ್ಕೋ" ಎಂದರು.

ಮಗಳು ಈಗ ಆಯನೂರಿನಲ್ಲಿ ಶಾಲೆಯ ಟೀಚರು. ಅವಳಿಗೆ ಫೋನು ಮಾಡಿದೆ. "ಸದ್ಯ, ಅಪ್ಪನೇ ಹೇಳಿದ್ರಲ್ಲ! ಆ ಗ್ರೈಂಡಿಂಗ್ ಮಷಿನ್ ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರ್ತಿರ್ಲಿಲ್ಲ. ಬೆರಳು ಹೋದ್ರೆ ಏನಮ್ಮ ಮಾಡೋದು? ತಡ ಮಾಡ್ಬೇಡ" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗುಜರಿಯವನು ಭಾನುವಾರ ಬರುತ್ತೇನೆಂದ.

ಅವನು ಬರುವ ಮುಂಚೆ, ಯಾವುದು ಕಬ್ಬಿಣ, ಯಾವುದು ಪ್ಲಾಸ್ಟಿಕ್ಕು ಎಂದು ಬೇರೆ ಮಾಡಿಡೋಣವೆಂದು ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗಿಳಿದೆ. ಹೊಸ್ತಿಲಲ್ಲೇ ನಿಂತುಬಿಟ್ಟೆ. ಬಿಸ್ಕತ್ತಿನ ಡಬ್ಬಿಗಳ ತುಂಬ ನಟ್ಟು ಬೋಲ್ಟು. ಪೇಂಟಿನ ಬಕೆಟ್ಟಿನಲ್ಲಿ ತುಕ್ಕು ಹಿಡಿದ ಸರಪಳಿ. ಗೋಡೆಗೆ ಒರಗಿಸಿದ ಪೈಪು, ಆಂಗಲ್, ಮುರಿದ ಫ್ಯಾನಿನ ರೆಕ್ಕೆ. ಮೇಜಿನ ಮೇಲೆ ಒಂದರ ಮೇಲೊಂದು ರಾಶಿ ಬಿದ್ದ ಸಾಮಾನು. ಕಣ್ಣು ಸರಿಯಿದ್ದ ನನಗೇ ಅಲ್ಲಿ ಏನೂ ಸಿಗುವ ಹಾಗಿರಲಿಲ್ಲ. ಒಂದು ಕಾಲಕ್ಕೆ ಇದೆಲ್ಲ ಅವರ ಕಣ್ಣಳತೆಯಲ್ಲಿತ್ತು. ಕಣ್ಣಿಗೆ ಕಾಣುವ ಜಾಗ ಕಿರಿದಾಗುತ್ತಾ ಬಂದ ಹಾಗೆ ಎತ್ತಿದ್ದನ್ನು ಎಲ್ಲಿಟ್ಟೆ ಎಂದು ತಿಳಿಯದೆ, ಸಿಕ್ಕಲ್ಲಿ ಇಡುತ್ತಾ ಹೋಗಿದ್ದಾರೆ ಎನ್ನುವುದು ಆ ರಾಶಿ ನೋಡಿದಾಗ ಅರ್ಥವಾಯಿತು.

ನಮ್ಮ ಅಡುಗೆಮನೆಯಲ್ಲಿ ಕರೆಂಟ್ ಹೋದರೆ ನಾನು ಮೇಣದ ಬತ್ತಿ ಹುಡುಕುವುದಿಲ್ಲ. ಸಾಸಿವೆ ಡಬ್ಬಿಗೆ ಕೈ ತಾನಾಗಿ ಹೋಗುತ್ತದೆ. ಉಪ್ಪಿನ ಜಾಡಿ ಒಲೆಯ ಬಲಕ್ಕೆ, ಅದರ ಹಿಂದೆ ಹುಳಿ. ಎಷ್ಟೋ ವರ್ಷದಿಂದ ಅವು ಜಾಗ ಬದಲಿಸಿಲ್ಲ. ಶೆಡ್ಡಿನ ಹೊಸ್ತಿಲಲ್ಲಿ ನಿಂತು ನನಗೆ ಅದೇ ನೆನಪಾಯಿತು. ಗುಜರಿಯವನು ಬಂದಾಗ ತುಕ್ಕು ಸರಪಳಿ, ಫ್ಯಾನಿನ ರೆಕ್ಕೆ, ಒಡೆದ ಬಕೆಟ್ಟು ಇಷ್ಟನ್ನು ಮಾತ್ರ ತೂಗಿಸಿ ಕಳಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. "ರೀ, ಶೆಡ್ಡು ಖಾಲಿ ಮಾಡ್ಸೋದು ಬೇಡ. ನನ್ನ ಅಡುಗೆಮನೆ ಥರ ಮಾಡೋಣ. ಪ್ರತಿಯೊಂದಕ್ಕೂ ಒಂದು ಜಾಗ. ಕೈ ಹಾಕಿದ ಕೂಡ್ಲೇ ಸಿಗ್ಬೇಕು."

ಅವರು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. "ಕುರುಡರಿಗೆ ಮಾಡ್ದಂಗೆ ನಂಗೆ ಮಾಡ್ಬೇಡ" ಎಂದರು.

ಕುರುಡು ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ಆಡಿರಲಿಲ್ಲ. ಡಾಕ್ಟರೂ ಆಡಿರಲಿಲ್ಲ. ಅವರೇ ಆಡಿದರು. ಆಡಿ ಎದ್ದುಹೋದರು. ನನಗೂ ಊಟ ಸೇರಲಿಲ್ಲ.

ಅವರನ್ನು ಮತ್ತೆ ಕೇಳಲಿಲ್ಲ. ಕೆಲಸವನ್ನೂ ನಿಲ್ಲಿಸಲಿಲ್ಲ. ಮನೆಗೆಲಸ ಮುಗಿಸಿ ದಿನಾ ಒಂದಿಷ್ಟು ಹೊತ್ತು ಶೆಡ್ಡಿನಲ್ಲಿ ಕೂತು ಡಬ್ಬಿಗಳನ್ನು ಸುರಿದು, ಒರೆಸಿ, ಒಂದೇ ಜಾತಿಯವನ್ನು ಒಂದು ಕಡೆ ಹಾಕುತ್ತಿದ್ದೆ. ನಮ್ಮವರು ಜಗುಲಿಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದರು. ಒಂದು ದಿನ ಕಬ್ಬಿಣ ಉಜ್ಜುವ ಅರಗಳನ್ನೆಲ್ಲ ಆರಿಸಿ ಒಂದು ಡಬ್ಬಿಗೆ ಹಾಕುತ್ತಿದ್ದೆ. ರೇಡಿಯೊ ನಿಂತಿತು. ಗೋಡೆ ಹಿಡಿದುಕೊಂಡು ಅವರು ಬಾಗಿಲಿಗೆ ಬಂದರು.

"ಅರ ಒಂದರ ಮೇಲೊಂದು ಹಾಕ್ತಿದೀಯಾ?"

"ಹೌದು. ಏನೀಗ?"

"ಹಲ್ಲು ಹಾಳಾಗತ್ತೆ ಮಾರಾಯ್ತಿ. ಒಂದಕ್ಕೊಂದು ತಾಗಬಾರ್ದು ಅವು. ಆ ಸದ್ದು ಕೇಳೋಕಾಗಲ್ಲ. ಕೊಡು ಇಲ್ಲಿ."

ಸ್ಟೂಲು ಸರಿಸಿಕೊಟ್ಟೆ. ಕೂತರು. ನಾನು ಒಂದೊಂದೇ ಅರವನ್ನು ಅವರ ಕೈಗಿಟ್ಟೆ. ಹೆಬ್ಬೆರಳಿನಿಂದ ಸವರಿ, ಇದು ಚಪ್ಪಟೆ, ಇದು ಅರ್ಧ ಉರುಟು, ಇದು ತ್ರಿಕೋನ, ಗರಗಸದ ಹಲ್ಲು ಮಸೆಯೋದಕ್ಕೆ ಎನ್ನುತ್ತಾ ಹೋದರು. ಒಂದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅದರ ಮರದ ಹಿಡಿಯನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾವೇ ಕಡೆದದ್ದಂತೆ. ಆಗ ಕಲಿಸಿಕೊಟ್ಟ ಹಿರಿಯ ಫಿಟ್ಟರು ಮಾತೇ ಆಡುತ್ತಿರಲಿಲ್ಲವಂತೆ. ತಪ್ಪಾದರೆ ಮೊಣಕೈಯನ್ನು ಮೆಲ್ಲಗೆ ಎತ್ತಿ ಸರಿಯಾದ ಎತ್ತರಕ್ಕೆ ಇಡುತ್ತಿದ್ದರಂತೆ, ಅಷ್ಟೇ. ಇಷ್ಟು ವರ್ಷ ಜೊತೆಗಿದ್ದರೂ ಆ ಮನುಷ್ಯನ ಸುದ್ದಿಯನ್ನು ನಾನು ಕೇಳಿದ್ದು ಅಂದೇ ಮೊದಲು.

ಅಲ್ಲಿಂದ ಶೆಡ್ಡಿನ ಕೆಲಸ ಇಬ್ಬರದೂ ಆಯಿತು. ಗೋಡೆಗೆ ಹಲಗೆ ಹೊಡೆಸಿ ಮೊಳೆ ಬಡಿದೆವು. ಎಡದಿಂದ ಬಲಕ್ಕೆ ಚಿಕ್ಕದರಿಂದ ದೊಡ್ಡದಕ್ಕೆ ಸ್ಪ್ಯಾನರುಗಳು. ಕೆಳಗಿನ ಸಾಲಿನಲ್ಲಿ ಇಕ್ಕಳ, ಸುತ್ತಿಗೆ, ಉಳಿ. ಅರಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಗೂಡು. ನಟ್ಟು ಬೋಲ್ಟಿನ ಡಬ್ಬಿಗಳ ಮುಚ್ಚಳಕ್ಕೆ ಒಳಗಿರುವ ಅಳತೆಯದೇ ಒಂದೊಂದನ್ನು ಅಂಟಿಸುವುದು ಅವರ ಉಪಾಯ. ಪೇಂಟಿಗೆ ಬೆರೆಸುವ ಥಿನ್ನರು, ಸೀಮೆಎಣ್ಣೆ, ಗ್ರೀಸು ವಾಸನೆಯಿಂದಲೇ ತಿಳಿಯುತ್ತವೆ ಎಂದರು. ನಾನು ಒಪ್ಪಲಿಲ್ಲ. ಕೈಗೆ ಗೊತ್ತಾಗಲೆಂದು ಥಿನ್ನರಿನ ಡಬ್ಬಿಯ ಕುತ್ತಿಗೆಗೆ ದಪ್ಪ ದಾರ ಸುತ್ತಿದೆ. ಅದಕ್ಕೊಂದು ಸಣ್ಣ ಜಗಳವೂ ಆಯಿತು. ದಾರ ಉಳಿಯಿತು.

ಗ್ರೈಂಡಿಂಗ್ ಮಷಿನ್ನಿನ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ಸಂಜೆ ನಮ್ಮವರೇ ಭದ್ರಾವತಿಯ ಹಳೆಯ ಗೆಳೆಯರೊಬ್ಬರಿಗೆ ಫೋನು ಮಾಡಿ, ಅದನ್ನು ಒಯ್ಯಲು ಹೇಳಿದರು. ನಮ್ಮ ಎಡಗಡೆ ಮನೆಯಲ್ಲಿದ್ದ ತಮಿಳರು ಅವರೇ. ಇವರ ಜೊತೆ ಒಂದೇ ವಿಭಾಗದಲ್ಲಿ ದುಡಿದವರು. ಈಗ ಮನೆಯ ಮುಂದೆ ಚಿಕ್ಕದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ಮಾರನೆಯ ದಿನವೇ ಗಾಡಿ ಮಾಡಿಕೊಂಡು ಬಂದರು.

"ಏನ್ ತಂಗಚ್ಚಿ, ಚೆನ್ನಾಗಿದೀಯಾ?" ಎಂದು ನನ್ನನ್ನು ಕೇಳುತ್ತಲೇ ಇವರ ಮುಖ ನೋಡಿದರು. ಇವರು ಅವರ ಮುಖದತ್ತ ತಿರುಗಲು ಒಂದು ಕ್ಷಣ ತಡವಾಯಿತು. ಗೆಳೆಯರಿಗೆ ಎಲ್ಲ ಅರ್ಥವಾಗಿರಬೇಕು. ಮುಂದೆ ಬಂದು ಇವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮಷಿನ್ನನ್ನು ಇವರೇ ಬಿಚ್ಚಿದರು. ಯಾರನ್ನೂ ಮುಟ್ಟಗೊಡಲಿಲ್ಲ. ಹಲಗೆಯಿಂದ ಸ್ಪ್ಯಾನರು ತೆಗೆದು, ನೆಲಕ್ಕೆ ಬಿಗಿದಿದ್ದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದರು. ಕೊನೆಯದು ಬಿಚ್ಚಿದ ಮೇಲೆ ಅದರ ಮೈಯನ್ನು ಹಳೆ ಬಟ್ಟೆಯಿಂದ ಒರೆಸಿ, "ಬಲಗಡೆ ಕಲ್ಲು ಸ್ವಲ್ಪ ನಡುಗತ್ತೆ. ಮೊದ್ಲು ಅದನ್ನ ಬದಲಾಯಿಸ್ಕೋ" ಎಂದರು.

"ನಾನು ಇಟ್ಕೊಂಡಿರ್ತೀನಿ, ಅಷ್ಟೇ. ನಿಂದೇ ಅದು" ಎಂದರು ಗೆಳೆಯರು.

"ಬೇಡ ಮಾರಾಯ. ಓಡಿಸು. ಸುಮ್ನೆ ಇಟ್ರೆ ಹಾಳಾಗತ್ತೆ."

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಮ್ಮವರು ಗೇಟಿನ ಹತ್ತಿರ ನಿಂತಿದ್ದರು. ಅಷ್ಟು ದೂರ ಅವರಿಗೆ ಕಾಣುತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಒಳಗೆ ಬಂದು ಮಲಗಿದವರು ಸಂಜೆಯ ಕಾಫಿಗೂ ಏಳಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಶೆಡ್ಡು ಜೋಡಿಸಿದ ಮೇಲೂ ಅವರ ಕೈ ಎಷ್ಟೋ ಸಲ ತಪ್ಪಿದೆ. ಒಂದು ದಿನ ಕಸ ಗುಡಿಸುವಾಗ ನಾನು ಸ್ಕ್ರೂಡ್ರೈವರೊಂದನ್ನು ಎತ್ತಿ ಪಕ್ಕದ ಮೊಳೆಗೆ ಸಿಕ್ಕಿಸಿದ್ದೆ. ಸಂಜೆ ಶೆಡ್ಡಿನಿಂದ ಕೂಗಿದ ಕೂಗು ರಸ್ತೆಗೆ ಕೇಳಿಸಿತು. "ಒಂದು ಜಾಗದಲ್ಲಿ ಇರ್ಬೇಕು ಅಂದ್ರೆ ಇರ್ಬೇಕು! ನಿಂಗೇನು ಗೊತ್ತು, ಕೈ ಹಾಕಿದಲ್ಲಿ ಏನೂ ಇಲ್ದೆ ಇದ್ರೆ ಹೆಂಗಾಗತ್ತೆ ಅಂತ!" ಅಷ್ಟು ಸಿಟ್ಟನ್ನು ನಾನು ಅವರಲ್ಲಿ ನೋಡಿರಲಿಲ್ಲ. ನಾನು ಸ್ಕ್ರೂಡ್ರೈವರನ್ನು ಅದರ ಮೊಳೆಗೆ ಹಾಕಿ, ಅವರ ಕೈ ಹಿಡಿದು ಅಲ್ಲಿಗೆ ಮುಟ್ಟಿಸಿದೆ. ಕೈಯನ್ನು ಬಿಡಿಸಿಕೊಳ್ಳಲಿಲ್ಲ. "ಹೆದರಿಕೆಯಾಗತ್ತೆ ಕಣೇ" ಎಂದರು. ಅದುವರೆಗೆ ನನ್ನ ಹತ್ತಿರ ಅವರು ಹಾಗೆಂದವರಲ್ಲ. ನನಗೂ ಆಗತ್ತೆ ಎಂದೆ.

ದಸರಾ ರಜೆಗೆ ಮಗಳು ಬಂದಳು. ಶೆಡ್ಡು ಖಾಲಿ ಮಾಡಿಸಲಿಲ್ಲವೆಂದು ನನ್ನ ಮೇಲೆ ಮುನಿಸಿಕೊಂಡೇ ಬಂದಿದ್ದಳು. ಹಿತ್ತಲಿಗೆ ಹೋದವಳು ಬಾಗಿಲಲ್ಲೇ ನಿಂತಳು. ಅವರಪ್ಪ ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕಬ್ಬಿಣದ ಪಟ್ಟಿ ಕಚ್ಚಿಸಿ ಅರ ಹಾಕುತ್ತಿದ್ದರು. ನಾಲ್ಕು ಸಲ ಉಜ್ಜುವುದು, ಬೆರಳಿನಿಂದ ಅಂಚು ನೋಡುವುದು, ಮತ್ತೆ ಉಜ್ಜುವುದು. ಕಣ್ಣು ಕೆಲಸದ ಮೇಲೆ ಇರಲಿಲ್ಲ, ಎದುರಿನ ಗೋಡೆಯ ಮೇಲಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾರದು? ನೀನಾ?" ಎಂದರು. "ಬಾ ಒಳಗೆ. ಏನನ್ನೂ ಮುಟ್ಬೇಡ. ನಿಮ್ಮಮ್ಮನಿಗೆ ಆಗಿದ್ದ ಮಂಗಳಾರತಿ ನಿಂಗೂ ಆಗತ್ತೆ."

ಅಳು ಬರುತ್ತಿದ್ದವಳು ನಕ್ಕಳು. ಹೋಗುವ ದಿನ ತನ್ನ ಮನೆಯ ಕುಕ್ಕರಿನ ಹಿಡಿ ಸಡಿಲವಾಗಿದೆ, ಮುಂದಿನ ಸಲ ತರುತ್ತೇನೆ ಎಂದಳು.

ಮೊನ್ನೆ ಮತ್ತೆ ಡಾಕ್ಟರ ಹತ್ತಿರ ಹೋಗಿದ್ದೆವು. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನ ನೋಟವೂ ಕಳೆದ ಸಲಕ್ಕಿಂತ ಕಿರಿದಾಗಿದೆ ಎಂದರು. ಡ್ರಾಪ್ಸ್ ಬದಲಾಯಿಸಿ ಕೊಟ್ಟರು. ಆಟೋ ಹತ್ತಿದೆವು. ಗಾಂಧಿ ಬಜಾರಿನ ಹತ್ತಿರ ಬಂದಾಗ ಇವರು "ಸ್ವಲ್ಪ ನಿಲ್ಸಪ್ಪ" ಎಂದು ಆಟೋದವನಿಗೆ ಹೇಳಿದರು. ಮೈ ಸರಿಯಿಲ್ಲವೇನೋ ಎಂದು ಗಾಬರಿಯಾದೆ.

"ಹಾರ್ಡ್‌ವೇರ್ ಅಂಗಡಿಗೆ ಹೋಗ್ಬೇಕು. ಕಬ್ಬಿಣ ಕುಯ್ಯೋ ಹ್ಯಾಕ್ಸಾ ಬ್ಲೇಡು ಮುಗ್ದಿದೆ" ಎಂದರು.

ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಅಂಗಡಿಯವನು ಕೊಟ್ಟ ಬ್ಲೇಡಿನ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿ ವಾಪಸ್ಸು ಕೊಟ್ಟರು. "ಇದು ಒರಟು. ಸಣ್ಣ ಹಲ್ಲಿಂದು ಕೊಡಿ" ಎಂದರು. ಅವನು ಒಳಗಿನಿಂದ ಬೇರೆ ತಂದ. ಅದನ್ನೂ ಸವರಿ ನೋಡಿ, ತಲೆಯಾಡಿಸಿ, ಜೇಬಿನಿಂದ ದುಡ್ಡು ತೆಗೆಯಲು ಹೋದರು. ನಾನು ಸುಮ್ಮನೆ ಪಕ್ಕದಲ್ಲಿ ನಿಂತಿದ್ದೆ. ಅಂಗಡಿಯವನು ಬ್ಲೇಡನ್ನು ಪೇಪರಿನಲ್ಲಿ ಸುತ್ತುತ್ತಾ ಏನು ಕೆಲಸ ಇಟ್ಕೊಂಡಿದೀರಿ ಸಾರ್ ಎಂದು ಕೇಳಿದ.

"ಸಣ್ಣಪುಟ್ಟದ್ದು" ಎಂದರು ನಮ್ಮವರು. "ಮನೇಲೇ ಒಂದು ಶೆಡ್ಡಿದೆ."