ಅಂಗಳಕ್ಕೆ ಬಂದ ಟ್ರ್ಯಾಕ್ಟರ್ ಟೈರು

ಹೋದ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತ ಬಾಗಿಲು ತೆರೆದರೆ ನನ್ನ ಅಂಗಳದಲ್ಲಿ ಟ್ರ್ಯಾಕ್ಟರ್ ಟೈರೊಂದು ಮಲಗಿತ್ತು. ಹಿಂದಿನ ಗಾಲಿಯದು, ದೊಡ್ಡದು. ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇಲ್ಲ. (ಹೊಲವೇ ಇಲ್ಲ, ಟ್ರ್ಯಾಕ್ಟರ್ ಎಲ್ಲಿಂದ?)

ಬ್ರಶ್ ಬಾಯಲ್ಲೇ ಇತ್ತು. ಗೇಟು ಸರಿಸಿಕೊಂಡು ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡಳು, ಕುಕ್ಕರಗಾಲಲ್ಲಿ ಕುಳಿತಳು, ಟೈರಿನ ಅಡಿಗೆ ಬೆರಳು ತೂರಿಸಿ ಎದ್ದಳು. ಅವಳ ಜೊತೆಗೆ ಟೈರೂ ಎದ್ದಿತು. ಒಂದೇ ನೂಕಿಗೆ ಅದು ಮಗುಚಿ ಆಚೆ ಬಿತ್ತು. ಧೂಳು ನನ್ನ ಬ್ರಶ್ಶಿನ ತನಕ ಬಂತು.

ಅವಳ ಹಿಂದೆ ಇನ್ನೂ ಎಂಟು ಹತ್ತು ಮಂದಿ ಹೆಂಗಸರು. ಒಬ್ಬಳ ಹೆಗಲ ಮೇಲೆ ಉಸುಕಿನ ಚೀಲ. ಇನ್ನೊಬ್ಬಳ ಕೈಯಲ್ಲಿ ಬಾವಿಯ ಹಗ್ಗ.

“ಏನವಾ ಇದು? ಏನ್ ನಡದೈತಿ ಇಲ್ಲೆ?” ಎಂದೆ.

ಉತ್ತರ ಒಳಗಿನಿಂದ ಬಂತು. ನನ್ನ ಹೆಂಡತಿ ನೀಲವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಹೊರಗೆ ಬಂದಳು.

“ನೀವು ಬರದು ಮುಚ್ಚಿಸಿದ್ರಲ್ಲ, ಆ ಕ್ಲಾಸ್ ರೀ. ನಿಮ್ಮ ಅಂಗಳದಾಗ ತಗದೀವಿ. ಸ್ವಲ್ಪ ಸರೀರಿ, ಹಗ್ಗ ಎಳೀಬೇಕು.”

ನಾನು ಸರಿದೆ. ಮತ್ತೇನು ಮಾಡಲಿ?

ಈ ಅಂಕಣ ಓದುವವರಿಗೆ ಸ್ವಲ್ಪ ದಿನದ ಹಿಂದಿನ ಬರಹ ನೆನಪಿರಬಹುದು. ಬೆಟಗೇರಿಯ ಗರಡಿ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಸಿನಿಮಾ ನೋಡಿ ಕಲಿತ ಕಸರತ್ತು ಹೇಳಿಕೊಡುತ್ತಾಳೆ ಎಂದು ತಮಾಷೆ ಮಾಡಿ ಬರೆದಿದ್ದೆ. “ಟೈರು ಎತ್ತಿ ಒಗೆದರೆ ಯಾರೂ ರಾಣಿ ಆಗುವುದಿಲ್ಲ, ಹೆಚ್ಚೆಂದರೆ ಪಂಕ್ಚರ್ ಅಂಗಡಿ ಇಡಬಹುದು” ಎಂಬ ಸಾಲು ಬಹಳ ಮಂದಿಗೆ ಹಿಡಿಸಿತು. ಮುಂಡರಗಿಯಿಂದ, ಶಿರಹಟ್ಟಿಯಿಂದ ಫೋನ್ ಬಂದವು. ವಾಟ್ಸಾಪ್‌ನಲ್ಲಿ ಆ ಸಾಲು ನನಗೇ ತಿರುಗಿ ಬಂತು. ನಾನೂ ನಕ್ಕೆ.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಆ ಕ್ಲಾಸನ್ನು ನಾನು ನೋಡಿಯೇ ಇರಲಿಲ್ಲ. ಚಹಾದ ಅಂಗಡಿಯಲ್ಲಿ ಕೇಳಿದ್ದನ್ನು ಬರೆದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಹೆಣ್ಣುಮಗಳು ಶಾಹೀನ್, ನನ್ನ ಅಂಗಳದಲ್ಲಿ ಟೈರು ಮಗುಚಿದವಳು ಅವಳೇ. ಅವಳ ಗಂಡನದು ಪಂಕ್ಚರ್ ಅಂಗಡಿ. ಅದು ನನಗೆ ಗೊತ್ತಿತ್ತು. ನನ್ನ ಸ್ಕೂಟರಿನ ಗಾಲಿಗೆ ತೇಪೆ ಹಾಕುವವನು ಅವನೇ. ಗೊತ್ತಿದ್ದೇ ಬರೆದೆ. ನಗು ಬರುತ್ತದೆ ಎಂದು ಬರೆದೆ.

ನಗು ಬಂತು. ಗರಡಿಗೆ ಕೀಲಿಯೂ ಬಿತ್ತು. ಊರ ಹಿರಿಯರೆನಿಸಿಕೊಂಡವರು ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದಿ ಫಕೀರಪ್ಪನವರಿಗೆ ಫೋನಿನ ಮೇಲೆ ಫೋನ್ ಮಾಡಿದರಂತೆ. ಪೇಪರಿನಲ್ಲೇ ಬಂದಿದೆ, ನಿಮ್ಮ ಗರಡಿ ಸಿನಿಮಾ ಟಾಕೀಸು ಆಗಿದೆಯಂತೆ, ಅಂತ. ಮುದುಕ ಮಾನಕ್ಕೆ ಅಂಜಿ ಬಾಗಿಲು ಹಾಕಿಬಿಟ್ಟ.

ಇಷ್ಟಾದರೂ ನನ್ನ ಮನೆಯಾಕೆ ಆ ಕ್ಲಾಸಿಗೆ ಹೋಗುತ್ತಿದ್ದಳು ಎನ್ನುವುದು ನನಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಾಯಿಪಲ್ಲೆ ತರುತ್ತೇನೆಂದು ಹೋಗುತ್ತಿದ್ದಳು. ಪಲ್ಲೆಯನ್ನೂ ತರುತ್ತಿದ್ದಳು. ಸಂಶಯಕ್ಕೆ ಜಾಗವೆಲ್ಲಿ?

ಚಹಾ ಹಿಡಿದು ಅಂಗಳದ ಕಟ್ಟೆಯ ಮೇಲೆ ಕುಳಿತು ಆ ದಿನ ಮೊದಲ ಸಲ ನೋಡಿದೆ. ಐದು ಕೆಲಸ. ಟೈರು ಮಗುಚುವುದು. ಚೀಲ ಹೊತ್ತು ಗೇಟಿನಿಂದ ಹಿತ್ತಲಿಗೆ ಹೋಗಿ ಬರುವುದು. ಹಗ್ಗದ ತುದಿಗೆ ಕಟ್ಟಿದ ಭಾರವನ್ನು ಕುಳಿತಲ್ಲಿಗೆ ಎಳೆದುಕೊಳ್ಳುವುದು. ನೊಗದ ಕಟ್ಟಿಗೆಯನ್ನು ಎದೆಗೆ ಕೊಟ್ಟು ಗೋಡೆಯನ್ನು ನೂಕುವುದು. ಕೊನೆಗೆ ಜೋತು ಬೀಳುವುದು. ಅದಕ್ಕೆ ಗರಡಿಯಲ್ಲಿ ತೊಲೆ ಇತ್ತು, ನಮ್ಮಲ್ಲಿ ಇಲ್ಲ. ಪೇರಲ ಗಿಡದ ಟೊಂಗೆ ಹಿಡಿದು ನೋಡಿದರು, ಟೊಂಗೆ ಕಿರ್ರೆಂದಿತು, ಬಿಟ್ಟರು. ಒಂದು ಕೆಲಸ ಮುಗಿದ ಕೂಡಲೇ ಮುಂದಿನದು. ಎಲ್ಲ ಮುಗಿದ ಮೇಲೆ ನಾಲ್ಕು ಗುಟುಕು ನೀರು, ಮತ್ತೆ ಮೊದಲಿನಿಂದ. ಇದಕ್ಕೆ ಸರ್ಕ್ಯೂಟ್ ಎನ್ನುತ್ತಾರಂತೆ.

ಸೀರೆ ನೇಯುವ ಒಬ್ಬಾಕೆ ಚೀಲ ಹೊತ್ತು ನನ್ನ ಮುಂದಿನಿಂದ ಹೋದಳು. ಮಗ್ಗದ ಗುಂಡಿಯಲ್ಲಿ ದಿನವಿಡೀ ಕುಳಿತು ಅವಳ ಬೆನ್ನು ಬಾಗಿದ್ದನ್ನು ಓಣಿಯವರೆಲ್ಲ ಕಂಡಿದ್ದೇವೆ. ಚೀಲದ ಕೆಳಗೆ ಆ ಬೆನ್ನು ನೆಟ್ಟಗಿತ್ತು. ಭಾರ ಹೊತ್ತರೆ ಬೆನ್ನು ಬಾಗಬೇಕಲ್ಲವೇ? ನಾನು ಎಸ್ಸೆಸ್ಸೆಲ್ಸಿ ತನಕ ಓದಿದ ವಿಜ್ಞಾನ ಅಷ್ಟೇ ಹೇಳುತ್ತದೆ.

ನೀಲವ್ವ ಹಗ್ಗಕ್ಕೆ ಕುಳಿತಳು. ನೆಲದ ಮೇಲೆ ಕುಳಿತಳು ಎನ್ನುವುದನ್ನು ಗಮನಿಸಿ. ಮೊಣಕಾಲಿನ ದೆಸೆಯಿಂದ ಅವಳು ನೆಲ ಮುಟ್ಟುವುದು ಬಿಟ್ಟು ಬಹಳ ಕಾಲವಾಗಿತ್ತು, ಪೂಜೆಗೂ ಕುರ್ಚಿ ಬೇಕಿತ್ತು. ಹಿಮ್ಮಡಿ ಊರಿದಳು. ಎಳೆದಳು. ಉಸುಕು ತುಂಬಿದ ಚೀಲ ಅಂಗಳದ ಆ ತುದಿಯಿಂದ ಒಂದೊಂದೇ ಗೇಣು ಸರಿದು ಬಂತು. ಅವಳ ಮುಖ ನೋಡಿದೆ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ಮುಖವನ್ನು ನಾನು ನೋಡಿರಲಿಲ್ಲ. ಸಿಟ್ಟಲ್ಲ, ನೋವಲ್ಲ. ಗುರಿ ಇದ್ದವರ ಮುಖ. ಆಮೇಲೆ ಕೈ ಊರದೆ ಎದ್ದು ನಿಂತಳು.

ನನ್ನ ಕೈಯ ಚಹಾ ಆರಿಹೋಗಿತ್ತು.

ಎಲ್ಲರೂ ಬೆವರು ಒರೆಸಿಕೊಳ್ಳುವಾಗ ಶಾಹೀನ್‌ಳನ್ನು ಕೇಳಿದೆ, “ಅಲ್ಲವಾ, ಸಿನಿಮಾದಾಗ ಇದು ಎಲ್ಲೈತಿ?”

ಆ ಸಿನಿಮಾ ನಾನೂ ನೋಡಿದ್ದೇ. ರಾಕ್ಷಸರು, ಹಾರುವ ಕುದುರೆ, ಮಾತಾಡುವ ಬೆಂಕಿ ಇರುವ ಹಳೆಯ ಚಿತ್ರ. ಉಳಿದ ಕಡೆ ಮಕಾಡೆ ಮಲಗಿತು. ನಮ್ಮ ಲಕ್ಷ್ಮೇಶ್ವರದ ಸೀಮೆಯಲ್ಲಿ ಮಾತ್ರ ಟೂರಿಂಗ್ ಟಾಕೀಸಿನವರು ಅದನ್ನು ಮತ್ತೆ ಮತ್ತೆ ತಂದು ಹಾಕಿದರು, ಜನ ಮತ್ತೆ ಮತ್ತೆ ಹೋದರು. ಈಗಲೂ ಅದರ ಭಕ್ತರಿದ್ದಾರೆ. ಮದುವೆಯ ಪಂಕ್ತಿಯಲ್ಲಿ ಕುಳಿತು ಅದರ ಡೈಲಾಗು ಒಪ್ಪಿಸುತ್ತಾರೆ.

“ಅಜ್ಜಾರ, ಆ ಪಿಕ್ಚರ್‌ನ್ಯಾಗ ಎಲ್ಲಾರಿಗೂ ಮಂತ್ರ ಬರ್ತೈತಿ, ನೋಡೀರಿಲ್ಲೋ?” ಎಂದಳು ಶಾಹೀನ್. “ರಾಜಾಗ ಬರ್ತೈತಿ, ರಾಕ್ಷಸಗ ಬರ್ತೈತಿ, ಕುದರಿಗೂ ಬರ್ತೈತಿ. ಆ ದಾಸಿ ಹುಡುಗಿಗೆ ಒಬ್ಬಾಕಿಗೆ ಬರೂದಿಲ್ಲ. ಅದಕ್ಕ ಅಕಿ ಬಾಗಲಾ ನೂಕ್ತಾಳ, ಕಲ್ಲು ಹೊರ್ತಾಳ, ಸೇತುವಿ ಹಿಡಕೊಂಡು ಜೋತ ಬೀಳ್ತಾಳ. ಹಿಂಗ ಐದು ಬಾಗಲಾ ದಾಟಿ ರಾಣಿ ಆಗ್ತಾಳ. ನನ್ನ ತವರು ಶಿಗ್ಲ್ಯಾಗ ಸಣ್ಣಾಕಿ ಇದ್ದಾಗ ನಮ್ಮಪ್ಪ ಹೆಗಲ ಮ್ಯಾಗ ಕುಂಡ್ರಿಸಿಕೊಂಡು ತೋರಿಸಿದ್ದ. ಮನಿಗೆ ಬಂದು ಹಿಟ್ಟಿನ ಡಬ್ಬಿ ಹೊತ್ತು ತಿರಗ್ಯಾಡಿದ್ದೆ ನಾ.”

ನಾನು ಆ ಸಿನಿಮಾದಲ್ಲಿ ಕುದುರೆ ನೋಡಿ ಬಂದಿದ್ದೆ. ಈಕೆ ಕುದುರೆಯ ಹಿಂದೆ ನಡೆದು ಬಂದವಳನ್ನು ನೋಡಿದ್ದಳು.

“ಬರದದ್ದು ತಪ್ಪಾತವಾ” ಎಂದೆ. ಅವಳು ಹಗ್ಗ ಸುತ್ತುತ್ತಿದ್ದಳು. “ನನಗ ಬರದ್ರ ಏನಿಲ್ಲರಿ. ಅವರ ಹೆಸರಿಲೆ ನಕ್ಕಿದ್ದು ಬ್ಯಾಸರಾತು” ಎಂದು ಗಂಡನ ಅಂಗಡಿಯ ದಿಕ್ಕಿಗೆ ಗೋಣು ಹಾಕಿದಳು. “ಮತ್ತ ಇಲ್ಲೆ ದಿನಾ ಆಗೂದಿಲ್ಲರಿ. ಬಾಜೂ ಮನಿಯವರು ಆಗಲೇ ಬೈಯಾಕ ಚಾಲೂ ಮಾಡ್ಯಾರ. ಜೋತ ಬೀಳಾಕ ತೊಲಿ ಬೇಕು, ಬಿದ್ರ ಪೆಟ್ಟಾಗದಂಗ ಮೆತ್ತನ್ನ ಮಣ್ಣು ಬೇಕು. ಗರಡಿ ಸಿಗಲಿಲ್ಲ ಅಂದ್ರ ಕ್ಲಾಸ್ ಬಿಡೂದ.”

ಬಿಡೂದ ಎನ್ನುವ ಮಾತಿಗೆ ನೀಲವ್ವ ನನ್ನ ಕಡೆ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಮಧ್ಯಾಹ್ನವೇ ವಸ್ತಾದಿಯ ಮನೆಗೆ ಹೋದೆ. ಫಕೀರಪ್ಪನವರು ಹೊರಸಿನ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಅವರು ನನ್ನನ್ನು ಇನ್ನೂ ಹಾಗೆಯೇ ಕರೆಯುತ್ತಾರೆ.

“ಬರ್ರಿ ಕಂಡಕ್ಟ್ರ. ಇವತ್ತ ಯಾರ ಮ್ಯಾಲ ಬರೀತೀರಿ?”

“ಕೀಲಿ ಕೇಳಾಕ ಬಂದೀನಿ, ವಸ್ತಾದ್ರ. ನಾ ಬರದದ್ದು ಸುಳ್ಳು. ಅವರಿಗೆ ಗರಡಿ ಬಿಟ್ಟುಕೊಡ್ರಿ.”

ಮುದುಕ ಎಲೆಯನ್ನು ದವಡೆಗೆ ಸರಿಸಿದ. “ಗರಡಿ ರಿವಾಜು ಗೊತ್ತೈತಿಲ್ಲೋ?”

ಗೊತ್ತಿತ್ತು. ನಮ್ಮ ಗರಡಿಯಲ್ಲಿ ರೊಕ್ಕದ ದಂಡ ಇಲ್ಲ. ಸೋತವನನ್ನು ನೋಡಿ ನಕ್ಕವನು, ಬೆವರು ಸುರಿಸುವವನನ್ನು ಹಂಗಿಸಿದವನು ಅಖಾಡದ ಕೆಮ್ಮಣ್ಣನ್ನು ಒಬ್ಬನೇ ಅಗೆದು ಹೊರಳಿಸಬೇಕು. ಯಾರನ್ನು ಹಂಗಿಸಿದನೋ ಅವರು ಎದುರಿಗೆ ನಿಂತಿರಬೇಕು. ಮಣ್ಣು ಹೊರಳಿದರೆ ಮಾತು ಮುಗಿಯಿತು, ಆಮೇಲೆ ಬೇರೆ ಯಾರೂ ಅದನ್ನು ಎತ್ತುವಂತಿಲ್ಲ.

“ನನ್ನ ವಯಸ್ಸು ನೋಡ್ರಿ” ಎಂದೆ.

“ಬರಿಯೂಮುಂದ ನೋಡ್ಕೋಬೇಕಿತ್ತು” ಎಂದರು. ಎಲೆಯ ರಸ ಉಗುಳಿ ಬಂದು ಮೆತ್ತಗೆ ಇನ್ನೊಂದು ಮಾತು ಸೇರಿಸಿದರು. “ಅಂಜಿ ಕೀಲಿ ಹಾಕಿದಾವ ನಾನೂ ಅದೀನಿ. ಮಣ್ಣು ಮೆತ್ತಗಾಗಾಕ ಮಜ್ಜಿಗಿ, ಎಣ್ಣಿ ನಾ ಹಾಕ್ತೀನಿ. ಗುದ್ದಲಿ ನಿಮ್ದು.”

ಮರುದಿನ ಬೆಳಿಗ್ಗೆ ಗರಡಿ ತೆರೆಯಿತು. ಹೆಂಗಸರು ಟೈರು ಉರುಳಿಸಿಕೊಂಡು ಬಂದು ಗೋಡೆಗುಂಟ ನಿಂತರು. ನಾನು ಪಂಚೆ ಎತ್ತಿ ಕಟ್ಟಿ ಅಖಾಡಕ್ಕೆ ಇಳಿದೆ. ಬಾಗಿಲು ಹಾಕಿದ್ದಕ್ಕೆ ಮಣ್ಣು ಬಿಗಿದು ಹೆಂಟೆಯಾಗಿತ್ತು. ಆರಂಭ ಚೆನ್ನಾಗಿಯೇ ಇತ್ತು. (ಎಲ್ಲರದೂ ಆರಂಭ ಚೆನ್ನಾಗಿಯೇ ಇರುತ್ತದೆ.) ಒಂದು ಮೂಲೆ ಮುಗಿಯುವಷ್ಟರಲ್ಲಿ ಕೈ ಸೋತಿತು. ಕಣ್ಣಿಗೆ ಕತ್ತಲೆ. ಗುದ್ದಲಿಗೆ ಆತುಕೊಂಡು ನಿಂತೆ. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ಅಲ್ಲಿಂದ ಓಡಿಹೋಗಬಹುದಿತ್ತು.

“ಸಾಕು ಬಿಡ್ರಿ ವಸ್ತಾದ್ರ” ಎಂದಳು ನೀಲವ್ವ. ವಸ್ತಾದಿ ಶಾಹೀನ್ ಕಡೆ ನೋಡಿದರು. ಬಿಡುವುದು ಹಿಡಿಯುವುದು ಅವಳದು.

ಶಾಹೀನ್ ಅಖಾಡದ ಅಂಚಿಗೆ ಬಂದು ಕುಳಿತಳು. ಸಾಕು ಅನ್ನಲಿಲ್ಲ.

“ಅಜ್ಜಾರ, ಉಸಿರು ಹಿಡದು ಅಗೀಬ್ಯಾಡ್ರಿ. ಗುದ್ದಲಿ ಕೆಳಗ ಬರೂಮುಂದ ಉಸಿರು ಬಿಡ್ರಿ. ಕೈ ಸೋತ್ರ ಗುದ್ದಲಿ ಇಡ್ರಿ, ಹೆಂಟಿ ಕಾಲಿಲೆ ತುಳೀರಿ. ಕಾಲು ಸೋತ್ರ ಕುಂತು ಹಳ್ಳು, ಕಲ್ಲು ಆರಿಸ್ರಿ. ಅಷ್ಟರಾಗ ಕೈಗೆ ಜೀವಾ ಬಂದಿರತೈತಿ, ಮತ್ತ ಅಗೀರಿ. ಜಲ್ದಿ ಏನಿಲ್ಲ. ಪೂರಾ ನಿಂದ್ರಬಾರದು, ಅಷ್ಟ.”

ಹಾಗೆ ಮಾಡಿದೆ. ಅಗೆದೆ, ತುಳಿದೆ, ಆರಿಸಿದೆ. ಮತ್ತೆ ಅಗೆದೆ. ನಾನು ತಮಾಷೆ ಮಾಡಿದ್ದ ಸರ್ಕ್ಯೂಟಿನೊಳಗೆ ನಾನೇ ತಿರುಗುತ್ತಿದ್ದೇನೆ ಎಂದು ಹೊಳೆದದ್ದು ನಡುಮಧ್ಯಕ್ಕೆ ಬಂದ ಮೇಲೆ. ಬಸ್ಸಿನಲ್ಲಿ ಇಡೀ ನೌಕರಿ ನಿಂತೇ ಕಳೆದವನು ನಾನು, ದಣಿವು ಎಂದರೆ ಕೆಲಸ ಬಿಡುವುದು ಎಂದೇ ತಿಳಿದಿದ್ದೆ. ಒಂದು ಅಂಗ ದಣಿದಾಗ ಇನ್ನೊಂದನ್ನು ಕೆಲಸಕ್ಕೆ ಕರೆಯಬಹುದು, ಇದೇ ಮೈಯಲ್ಲಿ ಇಷ್ಟೊಂದು ಮಂದಿ ಕೆಲಸಗಾರರು ಇದ್ದಾರೆ ಎಂದು ಯಾರೂ ಹೇಳಿರಲಿಲ್ಲ. ಮಂತ್ರ ಬಾರದ ಆ ದಾಸಿ ಹುಡುಗಿ ಐದು ಬಾಗಿಲು ದಾಟಿದ್ದು ಹೀಗೆಯೇ ಇರಬೇಕು.

ಬಿಸಿಲು ಗೋಡೆ ಇಳಿದು ಅಖಾಡಕ್ಕೆ ಬರುವ ಹೊತ್ತಿಗೆ ಕೊನೆಯ ಮೂಲೆ ಹೊರಳಿತು. ನಾನು ಅಲ್ಲೇ ಮಣ್ಣಿನಲ್ಲಿ ಕುಳಿತೆ. ವಸ್ತಾದಿ ಮಜ್ಜಿಗೆ ಚಿಮುಕಿಸಿದರು. ಹಸಿ ಮಣ್ಣಿನ ವಾಸನೆ ಎದ್ದಿತು.

ಮೊದಲು ಇಳಿದವಳು ನನ್ನ ಹೆಂಡತಿ. ತೊಲೆಗೆ ಕೈ ಎಟುಕುವುದಿಲ್ಲ, ಶಾಹೀನ್ ಸೊಂಟ ಹಿಡಿದು ಎತ್ತಿದಳು. ನೀಲವ್ವ ತೊಲೆ ಹಿಡಿದಳು. ಶಾಹೀನ್ ಕೈ ಬಿಟ್ಟಳು. ಮೂರು ಮಕ್ಕಳನ್ನು ಹೆತ್ತ, ಸಾವಿರಗಟ್ಟಲೆ ರೊಟ್ಟಿ ಬಡಿದ ಆ ದೇಹ ನೆಲ ಬಿಟ್ಟು ಗಾಳಿಯಲ್ಲಿ ತೂಗುತ್ತಿತ್ತು. ಇನ್ನೇನು ಬೀಳುತ್ತಾಳೆ ಎಂದುಕೊಂಡೆ, ಬೀಳಲಿಲ್ಲ. ಈಗ ಬೀಳುತ್ತಾಳೆ ಎಂದುಕೊಂಡೆ, ಬೀಳಲಿಲ್ಲ. ನನ್ನ ಉಸಿರು ಕಟ್ಟಿತ್ತು, ಅವಳದು ನಡೆದಿತ್ತು. ಆಮೇಲೆ ಸಾಕೆನಿಸಿದಾಗ ತಾನೇ ಬಿಟ್ಟಳು. ನಾನು ಹೊರಳಿಸಿದ ಮಣ್ಣಿನ ಮೇಲೆ, ಪಾದ ಮುಳುಗುವಂತೆ, ಮೆತ್ತಗೆ ಇಳಿದಳು.

“ಮಣ್ಣು ಛಲೋ ಅಗದೀರಿ” ಎಂದಳು. ಮೆಚ್ಚುಗೆಯ ಮಾತು ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ನಾನು ಕೀಲಿಗೆಂದು ಕೈ ಚಾಚಿದೆ. ವಸ್ತಾದಿ ನನ್ನ ಕೈ ನೋಡಲೇ ಇಲ್ಲ. ಉಡುದಾರದಿಂದ ಕೀಲಿ ಬಿಚ್ಚಿ ಶಾಹೀನ್ ಮುಂದೆ ಹಿಡಿದರು.

“ಇಟ್ಟುಕೋ ಮಗಳ. ನನ್ನ ಕಡೆ ಬರೂ ಹುಡುಗರು ಮೂರು ಮಂದಿ. ಅವರೂ ಕನ್ನಡಿ ಇರೂ ಜಿಮ್ಮಿಗೆ ಯಾವಾಗ ಹೋಗ್ತಾರೋ. ಮುಂಜಾನೆ ನೀ ತಗೀ, ಸಂಜಿಗೆ ನಾ ಬಂದು ಹಾಕ್ತೀನಿ.”

ಅವಳು ಕೀಲಿಯನ್ನು ಹಣೆಗೆ ಒತ್ತಿಕೊಂಡಳು. ನಂತರ ತಿರುಗಿ ನಿಂತು, “ಮುಂದ ಯಾರು? ಟೈರ್ ಯಾರೂ ಮುಟ್ಟಿಲ್ಲ ಇನ್ನಾ” ಎಂದಳು. ಕ್ಲಾಸ್ ಶುರುವಾಯಿತು.

ರಿವಾಜಿನ ಪ್ರಕಾರ ಈ ಮಾತನ್ನು ಇನ್ನು ಯಾರೂ ಎತ್ತುವಂತಿಲ್ಲ, ತಪ್ಪು ಮಾಡಿದವನನ್ನು ಬಿಟ್ಟು. ಹಾಗಾಗಿ ಎತ್ತಿದ್ದೇನೆ. ಪಂಕ್ಚರ್ ಅಂಗಡಿಗೂ ಹೋಗಿ ಕೈ ಮುಗಿದು ಬಂದೆ. ಆತ ನಕ್ಕು, ಸ್ಕೂಟರಿನ ಗಾಲಿ ಒತ್ತಿ ನೋಡಿ ಗಾಳಿ ತುಂಬಿಸಿ ಕಳಿಸಿದ.

ಬೆಟಗೇರಿಯ ಗರಡಿಯ ಕೀಲಿ ಈಗ ಒಬ್ಬ ಹೆಣ್ಣುಮಗಳ ದುಪಟ್ಟಾದ ಗಂಟಿನಲ್ಲಿದೆ. ನಿಮ್ಮೂರಿನ ಗರಡಿಯ ಕೀಲಿ ಯಾರ ಕಿಸೆಯಲ್ಲಿ ತುಕ್ಕು ಹಿಡಿಯುತ್ತಿದೆ, ಒಮ್ಮೆ ವಿಚಾರಿಸುವಿರಾ?