ಬಾಣಂತಿಯ ಕೋಣೆಗೆ ಬಂದ ಶುಂಠಿ ನೀರು

ಬೆಳಗಿನ ಐದೂವರೆ. ಕಾವ್‌ಶಿಯುಂಗ್ ಬಂದರಿನ ಹಿಂದಿನ ಓಣಿಯಲ್ಲಿ ಚಿಯು ಯುಎ-ಶಿಯಾ ಸಾರಿನ ಸೌಟನ್ನು ಹೂಕುಂಡದ ತಟ್ಟೆಗೆ ಅದ್ದಿ ಎತ್ತುತ್ತಾರೆ. ಸೌಟಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿವೆ. "ಏಳಿ ಮಾವ, ನೀವು ಸಾಕಿರೋ ಮಕ್ಕಳನ್ನ ನೋಡಿ ಬನ್ನಿ!" ಎಂದು ಕೂಗುತ್ತಾರೆ. "ಸೊಳ್ಳೆಗಿಂತ ನಿನ್ನ ಕಾಟವೇ ಜಾಸ್ತಿ ಕಣೇ" ಎಂದು ಕಿಟಕಿಯೊಳಗಿನಿಂದ ಆ ಮನೆಯ ಮುದುಕರು ಗೊಣಗುತ್ತಾರೆ.

ಐವತ್ತೆಂಟರ ಯುಎ-ಶಿಯಾ ಇಪ್ಪತ್ತು ವರ್ಷ ಮೀನುಪೇಟೆಯಲ್ಲಿ ಮೀನು ಹೆಚ್ಚಿದವರು. ಮಂಡಿ ಕೈಕೊಟ್ಟ ಮೇಲೆ ಓಣಿಯ ಡೆಂಗಿ ಸ್ವಯಂಸೇವಕಿ. ಸಂಬಳವಿಲ್ಲ, ಮಧ್ಯಾಹ್ನಕ್ಕೊಂದು ಊಟದ ಡಬ್ಬಿ ಸಿಗುತ್ತದೆ. ದಿನಕ್ಕೆ ನಲವತ್ತು ಮನೆ. ಅವುಗಳಲ್ಲಿ ಒಂಬತ್ತಕ್ಕೆ ತಪ್ಪದೆ ಎರಡು ಸಲ ಹೋಗುತ್ತಾರೆ: ಆರು ಮನೆಗಳಲ್ಲಿ ಬಸುರಿಯರು, ಮೂರರಲ್ಲಿ ಬಾಣಂತಿಯರು.

ಅದಕ್ಕೆ ಕಾರಣವಿದೆ. ಎಂಟು ವರ್ಷದ ಹಿಂದೆ ಮಗಳು ಬಸುರಿಯಾಗಿದ್ದಾಗ ಮೈಗೆ ಹಚ್ಚುವ ಸೊಳ್ಳೆ ಔಷಧಿಯ ಸೀಸೆಯನ್ನು ಅವಳ ಕೈಯಿಂದ ಕಿತ್ತು ಕಸಕ್ಕೆ ಎಸೆದವರು ಇದೇ ಯುಎ-ಶಿಯಾ. ಏಳನೇ ತಿಂಗಳಲ್ಲಿ ಮಗಳಿಗೆ ಡೆಂಗಿ ಬಂತು. ಹೆರಿಗೆ ಬೇಗ ಆಯಿತು. ತಾಯಿ, ಮಗು ಇಬ್ಬರೂ ಉಳಿದರು. "ಹೊಟ್ಟೇಲಿರೋ ಕೂಸಿಗೆ ವಿಷ ಅಂದ್ಕೊಂಡಿದ್ದೆ. ಡಾಕ್ಟ್ರಮ್ಮ ಕೂರಿಸಿ ಹೇಳಿದ್ಮೇಲೆ ನಾಚ್ಕೆ ಆಯ್ತು" ಎನ್ನುತ್ತಾರೆ.

ಡಾಕ್ಟರು ಹೇಳಿದ್ದು ಅವರಿಗೆ ಈಗ ಬಾಯಿಪಾಠ. ಡೀಟ್ ಅಥವಾ ಪಿಕಾರಿಡಿನ್ ಇರುವ ಔಷಧಿಯನ್ನು ಸೀಸೆಯ ಮೇಲೆ ಬರೆದಂತೆಯೇ ಬಳಸಿದರೆ ಬಸುರಿಗೂ ಹಾಲೂಡಿಸುವವಳಿಗೂ ಭಯವಿಲ್ಲ. "ಬಟ್ಟೆ ಮುಚ್ಚದ ಚರ್ಮಕ್ಕಷ್ಟೇ ಹಚ್ಚಿ. ಎದೆಗೆ ಬೇಡ, ಗಾಯಕ್ಕೆ ಬೇಡ. ಮುಚ್ಚಿದ ಕೋಣೇಲಿ ಸಿಂಪಡಿಸ್ಬೇಡಿ. ಎಳೆಗೂಸಿಗೆ ಹಚ್ಚಲೇಬೇಡಿ, ಪರದೆ ಕಟ್ಟಿ. ಮಗು ಎತ್ಕೊಳ್ಳೋ ಮುಂಚೆ ಸೋಪು ಹಾಕಿ ಕೈ ತೊಳೀರಿ."

ಈ ಕೊನೆಯ ಮಾತೇ ಇಲ್ಲಿ ಕಗ್ಗಂಟು. ಹೆತ್ತವಳು ತಿಂಗಳವರೆಗೆ ನೀರು ಮುಟ್ಟುವಂತಿಲ್ಲ.

ಇಂದು ಶಿಯಾಂಗ್-ಲಿಂಗ್ ಮನೆಯಲ್ಲಿ ಆಗಿರುವುದೂ ಅದೇ. ಹೆರಿಗೆಯಾಗಿ ಹನ್ನೆರಡು ದಿನ. ಪಕ್ಕದ ಮನೆಗೆ ಡೆಂಗಿ ಬಂದಿದೆಯೆಂದು ಹೆದರಿ ಅವಳು ಅತ್ತೆಯ ಕಣ್ತಪ್ಪಿಸಿ ಔಷಧಿ ಹಚ್ಚಿಕೊಂಡಿದ್ದಾಳೆ. ಮಗು ಹಸಿದು ಕಿರುಚುತ್ತಿದೆ. ತೊಳೆಯದ ಕೈಗಳನ್ನು ಗಾಳಿಯಲ್ಲಿ ಹಿಡಿದು ಅವಳೂ ಅಳುತ್ತಿದ್ದಾಳೆ.

"ವಿಷ ಬಳ್ಕೊಂಡಿದಾಳೆ, ಹಾಲಿಗೆ ಇಳಿಯಲ್ವಾ?" ಅತ್ತೆ ಚಿನ್-ಹುವಾ ಬಾಗಿಲಲ್ಲೇ ಯುಎ-ಶಿಯಾರ ಮೇಲೆ ಹರಿಹಾಯುತ್ತಾರೆ.

"ಇಲ್ಲ ಅಕ್ಕ. ಕೈ ತೊಳೆದ್ರೆ ಆಯ್ತು."

"ತಿಂಗಳೊಳಗೆ ನೀರು ಮುಟ್ಟಿದ್ರೆ ಮುಪ್ಪಲ್ಲಿ ಕೀಲು ಹಿಡಿಯುತ್ತೆ! ಆಗ ನೀನು ಬಂದು ಒತ್ತಿಕೊಡ್ತೀಯಾ?"

"ತಣ್ಣೀರು ಅಂದ್ನಾ ನಾನು? ಬಾಣಂತಿ ಮೈ ಒರೆಸೋಕೆ ಅಂತ ನಿಮ್ಮ ಒಲೆ ಮೇಲೆ ಶುಂಠಿ ಸಿಪ್ಪೆ ನೀರು ಕುದೀತಿದೆಯಲ್ಲ, ಅದನ್ನೇ ಬೆಚ್ಚಗಾಗೋವಷ್ಟು ಆರಿಸಿ ಕೊಡಿ. ಸೋಪು ಮರೀಬೇಡಿ." ಯುಎ-ಶಿಯಾ ದನಿ ತಗ್ಗಿಸುತ್ತಾರೆ. "ನಾನೂ ನಿಮ್ಮ ಥರಾನೇ ಹಟ ಮಾಡಿದ್ದೆ ಅಕ್ಕ. ಮಗಳನ್ನ ಕಳ್ಕೊಳ್ತಿದ್ದೆ."

ಚಿನ್-ಹುವಾ ಒಲೆಯಿಂದ ಶುಂಠಿ ನೀರು ಇಳಿಸುತ್ತಾರೆ. ಬೋಗುಣಿ ತಂದು, ಬಿಸಿ ಸಾಕೇ ಎಂದು ಮೊಣಕೈ ಅದ್ದಿ ನೋಡಿ, ಸೊಸೆಯ ಕೈಗಳನ್ನು ತಾವೇ ಬೆರಳು ಬೆರಳಾಗಿ ತೊಳೆದು, ಒಣಬಟ್ಟೆಯಲ್ಲಿ ಒರೆಸುತ್ತಾರೆ. ಮಗು ಹಾಲಿಗೆ ಬಾಯಿ ಹಾಕಿ ಸುಮ್ಮನಾಗುತ್ತದೆ.

"ಔಷಧಿ ಮತ್ತೆ ಯಾವಾಗ ಹಚ್ಬೇಕು?" ಚಿನ್-ಹುವಾ ಕೇಳುತ್ತಾರೆ.

"ಸೀಸೆ ಮೇಲೆ ಬರ್ದಿದೆ. ಬನ್ನಿ, ಓದೋಣ."

ಓಣಿಗಿಳಿದ ಯುಎ-ಶಿಯಾ ಸೌಟು ಒರೆಸಿಕೊಳ್ಳುತ್ತಾರೆ. ಇನ್ನೂ ಮೂವತ್ತೊಂದು ಮನೆ ಬಾಕಿ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ನಾನು ಕೇಳಿದರೆ ನಗುತ್ತಾರೆ. "ಈ ಸಲ ನನ್ನೋಣಿಲಿ ಒಬ್ಬ ಬಸುರಿಗೂ, ಬಾಣಂತಿಗೂ ಡೆಂಗಿ ಬಂದಿಲ್ಲ. ಅದನ್ನ ಬರೀರಿ. ನನ್ನ ಹೆಸರು ಬಿಟ್ರೂ ನಡೆಯುತ್ತೆ."