ಸೈಲೆನ್ಸರಿಗೆ ಸುತ್ತಿದ ತೆಂಗಿನ ನಾರು

ಆ ಬೆಳಿಗ್ಗೆಯೂ ಇಡ್ಲಿ ಬೇಯಲು ಇಟ್ಟು ಡಬ್ಬಿಗೆ ಚಟ್ನಿ ತುಂಬುತ್ತಿದ್ದೆ. ಯಜಮಾನರು ಅಂಗಳದಲ್ಲಿ ಬೈಕಿನ ಸೈಲೆನ್ಸರ್ ಬಿಚ್ಚಿಕೊಂಡು ಕೂತಿದ್ದರು. ಆಸೆಪಟ್ಟು ಹಾಕಿಸಿದ ಹೊಸದು. ಅದರ ಅಬ್ಬರದಲ್ಲಿ ಅರಸೀಕೆರೆಯಿಂದ ಬೇಲೂರಿನ ಆಫೀಸಿನವರೆಗೂ ಹಿಂದಿನ ಲಾರಿಯ ಹಾರನ್ ಕೇಳಿಸುತ್ತಿರಲಿಲ್ಲ. ಹಿಂದಿನ ವಾರ ಒಂದು ಲಾರಿ ಮೊಣಕೈ ಸವರಿಕೊಂಡೇ ಹೋಗಿತ್ತು.

"ಒಳಗಿನ ಕೊಳವೆಗೆ ಗ್ಲಾಸ್ ವೂಲ್, ಅದೇ ಗಾಜಿನ ನಾರು, ಸುತ್ತಿದ್ರೆ ಸದ್ದು ಇಳಿಯುತ್ತಂತೆ. ಮೆಕ್ಯಾನಿಕ್ ಹತ್ರ ಖಾಲಿಯಾಗಿದೆ," ಎಂದರು.

"ತೆಂಗಿನ ನಾರು ಆಗಲ್ವೇನ್ರೀ?"

ನಮ್ಮೂರಲ್ಲಿ ಪಾತ್ರೆ ಉಜ್ಜುವುದಕ್ಕೂ ನಾರೇ, ಹಾಸಿಗೆಗೂ ನಾರೇ. ನಾನು ಬಿಡಿಸಿ ಕೊಟ್ಟೆ, ಅವರು ತಂತಿ ಬಿಗಿದು ಸುತ್ತಿದರು. ಬೈಕು ಬೆಕ್ಕಿನಂತೆ ಗುರುಗುಟ್ಟುತ್ತಾ ಹೋಯಿತು.

ಆಮೇಲೆ ಹಂಡೆಯ ಒಲೆ ಹೊತ್ತಿಸಲು ಉಳಿದ ನಾರಿಗೆ ಕಡ್ಡಿ ಗೀರಿದೆ. ಭಗ್ಗೆಂದಿತು. ಕಾದ ಸೈಲೆನ್ಸರಿನ ನೆನಪಾಗಿ ಬೀದಿಯ ಅಂಗಡಿಗೆ ಓಡಿದೆ. ಆಗ ಮೊಬೈಲ್ ಎಲ್ಲಿತ್ತು? ಅಲ್ಲಿಂದ ಎರಡು ಸಲ ಅವರ ಆಫೀಸಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಅಕ್ಕಿ ಆರಿಸಲು ಕೂತರೆ ಕಲ್ಲು ಉಳಿಸಿ ಅಕ್ಕಿ ಎಸೆಯುತ್ತಿದ್ದೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಪ್ರಾರ್ಥನೆಯನ್ನೂ ದೇವರಮನೆಯಲ್ಲಿ ನಿಂತು ಹೇಳಿದೆ.

ಸಂಜೆ ಬೀದಿಯ ತುದಿಯಿಂದಲೇ ಹಳೆಯ ಅಬ್ಬರ ಕೇಳಿಸಿತು. ಇಳಿದವರ ಅಂಗಿಯಲ್ಲಿ ಹೊಗೆಯ ವಾಸನೆ.

"ಹಳೇಬೀಡು ಇನ್ನೂ ದೂರ ಇತ್ತು, ಹೊಗೆ ಬಂತು ಕಣೇ. ನಾರು ಬಿಚ್ಚಿ ಎಸೆದೆ. ಬಚ್ಚಲ ಒಲೆ ಮೇಲೆ ಕೂತು ಹೋದ ಹಾಗಿತ್ತು," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನಾಳೆಯೂ ಅದೇ ರಸ್ತೆ, ಅವೇ ಲಾರಿಗಳು. "ಹಳೇ ಸೈಲೆನ್ಸರನ್ನೇ ಹಾಕಿಸ್ರೀ," ಎಂದೆ.

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಬೆಳಿಗ್ಗೆ ಯಾಕ್ರೀ ಸದ್ದೇ ಇರ್ಲಿಲ್ಲ? ನಮ್ಮೋರು ಏಳೋದೇ ಆ ಸದ್ದಿಗೆ. ಇವತ್ತು ಬಾಣಾವರದ ರೈಲು ತಪ್ಪೋಯ್ತು ನೋಡಿ."